ಬೆಳಗಿನ ಪಾಳಿಗೆ ಸಿಗದ ಲಸಿಕೆ

ಡಯಾಲಿಸಿಸ್ ಯಂತ್ರ ಕೂಗಿಕೊಂಡರೆ ನಾನು ಹೆದರುವುದಿಲ್ಲ. ಯಾವ ಕೂಗು ಗಾಳಿಗುಳ್ಳೆಯದು, ಯಾವುದು ರಕ್ತದ ಒತ್ತಡದ್ದು ಎಂದು ಬೆನ್ನು ತಿರುಗಿಸಿಕೊಂಡೇ ಹೇಳಬಲ್ಲೆ. ನಾನು ಹೆದರುವುದು ಕೆಮ್ಮಿಗೆ. ಆ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಘಟಕದ ಮೂಲೆಯ ಕುರ್ಚಿಯಿಂದ ಒಂದು ಒಣಕೆಮ್ಮು ಕೇಳಿಸಿತು. ಹಿಂದೆಯೇ ಇನ್ನೊಂದು. ಕೆಮ್ಮಿದವರು ಯಾರೆಂದು ತಿರುಗಿ ನೋಡುವಷ್ಟರಲ್ಲಿ ಒಂಬತ್ತೂ ಜನ ಕಣ್ಣು ಮುಚ್ಚಿ ಮಲಗಿದವರಂತೆ ಕಂಡರು. ಅಷ್ಟೊಂದು ಜನರಿಗೆ ಒಟ್ಟಿಗೆ ನಿದ್ದೆ ಬರುವುದು ಸಾಧ್ಯವೇ ಇಲ್ಲ ಎಂದು ನನಗೆ ಆಗಲೇ ಅನ್ನಿಸಬೇಕಿತ್ತು.

ನಮ್ಮದು ಮತ್ತಿಕೆರೆಯ ಅಡ್ಡರಸ್ತೆಯೊಂದರ ಮೊದಲ ಮಹಡಿಯಲ್ಲಿ ಟ್ರಸ್ಟಿನವರು ನಡೆಸುವ ಸಣ್ಣ ಘಟಕ. ಕೆಳಗೆ ಜೆರಾಕ್ಸ್ ಅಂಗಡಿ, ಪಕ್ಕದಲ್ಲಿ ಕಾಲೇಜು ಹುಡುಗರ ಪಿ.ಜಿ. ಒಳಗೆ ಒಂಬತ್ತು ಕುರ್ಚಿ, ಒಂಬತ್ತು ಯಂತ್ರ. ಅದು ಬಿಟ್ಟರೆ ಗಾಜಿನ ಬಾಗಿಲಿನ ಪ್ರತ್ಯೇಕ ಕೋಣೆಯಲ್ಲಿ ಇನ್ನೊಂದು ಯಂತ್ರ. ದಿನಕ್ಕೆ ಮೂರು ಪಾಳಿ. ಒಬ್ಬೊಬ್ಬರೂ ವಾರಕ್ಕೆ ಎರಡು ಮೂರು ಸಲ ಬಂದು ನಾಲ್ಕು ಗಂಟೆ ಕೂರುತ್ತಾರೆ. ನಾನು ಇಲ್ಲಿನ ಇನ್‌ಚಾರ್ಜ್ ಸಿಸ್ಟರ್. ನನ್ನ ಬಾಯಿ ಜೋರು ಎಂದು ಎಲ್ಲರಿಗೂ ಗೊತ್ತು. ನಿಜ ಹೇಳಬೇಕೆಂದರೆ ಹೆದರಿದಾಗಲೇ ನಾನು ಹೆಚ್ಚು ಬೈಯುವುದು. ಆ ತಿಂಗಳು ಬೆಳಗಿನಿಂದ ಸಂಜೆವರೆಗೂ ಬೈಯುತ್ತಲೇ ಇದ್ದೆ.

ಊರಿಗೆಲ್ಲ ಜ್ವರ ಬಂದಿತ್ತು. ಪಿ.ಜಿ. ಹುಡುಗರು ಮೂರು ದಿನ ಕಂಬಳಿ ಹೊದ್ದು ಮಲಗಿ, ನಾಲ್ಕನೇ ದಿನ ಎದ್ದು ಬೀದಿಯಲ್ಲಿ ಪಾನಿಪೂರಿ ತಿನ್ನುತ್ತಿದ್ದರು. ಅವರ ಪಾಲಿಗೆ ಫ್ಲೂ ಎಂದರೆ ಅಷ್ಟೇ. ನಮ್ಮವರ ಕಥೆ ಬೇರೆ. ಕಿಡ್ನಿ ಕೈಕೊಟ್ಟವರು, ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ, ಎದೆಯಲ್ಲಿ ಆಗಾಗ ನೀರು ತುಂಬಿಕೊಳ್ಳುವವರು. ಎ.ಸಿ. ಹಾಕಿದ, ಕಿಟಕಿ ಮುಚ್ಚಿದ ಹಾಲಿನಲ್ಲಿ ಒಬ್ಬರ ಪಕ್ಕ ಒಬ್ಬರು ನಾಲ್ಕು ಗಂಟೆ ಅಲ್ಲಾಡದೆ ಕೂರಲೇಬೇಕು. ಫ್ಲೂ ಬಂದಿದೆ, ಮನೆಯಲ್ಲೇ ಇರುತ್ತೇನೆ ಎಂದರೆ ಆಗುವುದಿಲ್ಲ. ಎರಡು ಸಲ ತಪ್ಪಿಸಿಕೊಂಡರೆ ಮೈಯ ನೀರೇ ಅವರನ್ನು ಮುಳುಗಿಸುತ್ತದೆ.

ಪ್ರತಿ ವರ್ಷ ಮಳೆಗೆ ಮುಂಚೆಯೇ ಎಲ್ಲರಿಗೂ ಫ್ಲೂ ಲಸಿಕೆ ಹಾಕಿ ಮುಗಿಸುತ್ತಿದ್ದೆವು. ಈ ಲಸಿಕೆಯ ಹಣೆಬರಹ ಏನೆಂದರೆ, ವೈರಸ್ಸು ವೇಷ ಬದಲಿಸಿದ ಹಾಗೆಲ್ಲ ಇದನ್ನೂ ಬದಲಿಸಬೇಕು. ಹೋದ ವರ್ಷದ್ದು ಈ ವರ್ಷಕ್ಕೆ ಆಗದು. ಆ ಸಲ ಹಳೆಯ ಸ್ಟಾಕಿನ ಅವಧಿ ಮುಗಿದಿತ್ತು, ಹೊಸದು ಬಂದಿರಲಿಲ್ಲ. ಆರ್.ಟಿ. ನಗರ, ಹೆಬ್ಬಾಳ, ಯಶವಂತಪುರ ಎಂದು ಗೊತ್ತಿದ್ದ ಸ್ಟಾಕಿಸ್ಟರಿಗೆಲ್ಲ ಫೋನ್ ಮಾಡಿದೆ. ಒಬ್ಬನಂತೂ ನನ್ನ ನಂಬರ್ ನೋಡಿದರೇ ನಿಟ್ಟುಸಿರು ಬಿಡುತ್ತಿದ್ದ.

"ಮೇಡಂ, ಕಂಪನಿಯಿಂದಾನೇ ಬಂದಿಲ್ಲ, ನಾನೇನ್ ಮನೇಲಿ ಮಾಡ್ಕೊಡ್ಲಾ?" ಎಂದ.

ಕೊನೆಗೆ ಯಲಹಂಕದ ಒಬ್ಬ ಸ್ಟಾಕಿಸ್ಟ್ ತಾನಾಗಿಯೇ ಫೋನ್ ಮಾಡಿದ. ಯಾರೋ ಕಾಯ್ದಿರಿಸಿ ಬಿಟ್ಟ ಹನ್ನೆರಡು ಡೋಸ್ ಇದೆ, ಸಂಜೆಯೊಳಗೆ ಬಂದರೆ ನಿಮ್ಮದು ಎಂದ. ನಮ್ಮಲ್ಲಿದ್ದ ರೋಗಿಗಳು ಎಪ್ಪತ್ತರ ಹತ್ತಿರ. ಆದರೂ ಲಸಿಕೆ ಒಯ್ಯುವ ಐಸ್ ಡಬ್ಬಿ ಹಿಡಿದು ಆಟೋ ಹತ್ತಿದೆ.

ವಾಪಸ್ ಬರುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ನಿಂತುಬಿಟ್ಟವು. ಡಬ್ಬಿ ನನ್ನ ತೊಡೆಯ ಮೇಲಿತ್ತು. ಈ ಲಸಿಕೆಗೆ ಬಿಸಿಯೂ ಆಗದು, ಹೆಪ್ಪುಗಟ್ಟುವಷ್ಟು ತಣ್ಣಗಾಗುವುದೂ ಆಗದು. ಎರಡು ಡಿಗ್ರಿಯಿಂದ ಎಂಟರೊಳಗೆ ಇರಬೇಕು. ಐಸ್ ಪ್ಯಾಕಿಗೆ ಸಿರಿಂಜು ತಗುಲಿಕೊಂಡು ಹೆಪ್ಪುಗಟ್ಟಿದರೆ ಅದು ನೀರಿಗೆ ಸಮ, ಕಣ್ಣಿಗೆ ಮಾತ್ರ ಏನೂ ತಿಳಿಯುವುದಿಲ್ಲ. ಸಿರಿಂಜುಗಳಿಗೆ ದಪ್ಪ ರಟ್ಟು ಸುತ್ತಿ, ನಡುವೆ ಥರ್ಮಾಮೀಟರಿನ ತಂತಿ ಇಳಿಬಿಟ್ಟು, ಅಂಕಿ ನೋಡುತ್ತಾ ಕೂತಿದ್ದೆ.

"ಏನ್ ಮೇಡಂ, ಐಸ್‌ಕ್ರೀಮಾ? ಹಂಗ್ ತಬ್ಕೊಂಡಿದೀರ," ಎಂದು ಆಟೋದವರು ನಕ್ಕರು.

"ಅಲ್ಲಪ್ಪ, ಜೀವ ಇದೆ ಒಳಗೆ. ಮುಂದೆ ನೋಡ್ಕೊಂಡ್ ಓಡ್ಸಿ," ಎಂದು ರೇಗಿದೆ. ಓಡಿಸಲು ಮುಂದೆ ಜಾಗವೇ ಇರಲಿಲ್ಲ, ಪಾಪ.

ಅಂಕಿ ಏಳು ದಾಟುವ ಹೊತ್ತಿಗೆ ಘಟಕ ಮುಟ್ಟಿದೆ. ಲಸಿಕೆ ಫ್ರಿಜ್ಜಿಗೆ ಸೇರಿತು. ಆದರೆ ಈ ಹನ್ನೆರಡು ಯಾರಿಗೆ?

ನಮ್ಮ ಕಿಡ್ನಿ ಡಾಕ್ಟರು ಮೆಲುಮಾತಿನವರು. ನಾಲ್ಕೈದು ಘಟಕಗಳಿಗೆ ಓಡಾಡುತ್ತಾರೆ, ಎಲ್ಲಿ ಕೂತರೂ ಅರ್ಧ ಕಪ್ ಕಾಫಿ ಬಿಟ್ಟು ಏಳುತ್ತಾರೆ.

"ಹೊರಗಡೆ ಆದ್ರೆ ಹೇಳೋದು ಸುಲಭ ಸಿಸ್ಟರ್," ಎಂದರು. "ವಯಸ್ಸಾದವರಿಗೆ, ಗರ್ಭಿಣಿಯರಿಗೆ, ಶುಗರ್ ಇರೋರಿಗೆ, ಕಿಡ್ನಿ ಹೋಗಿರೋರಿಗೆ, ಆಸ್ಪತ್ರೆ ಸ್ಟಾಫಿಗೆ ಮೊದಲು. ಇಲ್ಲಿ ಆ ಬಾಗಿಲು ದಾಟಿ ಬಂದವರೆಲ್ಲ ಮೊದಲಿನವರೇ. ಮೊದಲಿನವರಲ್ಲಿ ಮೊದಲು ಯಾರು ಅಂತ ಯಾವ ಪುಸ್ತಕಾನೂ ಹೇಳಲ್ಲ."

ಅಷ್ಟರಲ್ಲಿ ನಮ್ಮ ಟೆಕ್ನೀಷಿಯನ್ ಬಾಯಿ ಹಾಕಿದರು. ಯಂತ್ರಗಳ ಉಸ್ತುವಾರಿ ಅವರದು. "ನಮ್ದು ಬಿಡಿ ಸಾರ್. ಗುಂಡ್‌ಕಲ್ ಥರ ಇದೀವಿ. ಮೊದ್ಲು ಪೇಷೆಂಟ್ಸಿಗೆ ಹಾಕಿ."

ಉಳಿದ ಸಿಸ್ಟರುಗಳೂ ಹೌದು ಹೌದು ಎಂದರು. ನನಗೂ ಅದೇ ಸರಿ ಕಂಡಿತು. ಕೇಳಲು ಎಷ್ಟು ಚೆನ್ನಾಗಿತ್ತು ಆ ಮಾತು! ವಯಸ್ಸು ಹೆಚ್ಚಾದ, ಎದೆ ಸರಿಯಿಲ್ಲದ ಹನ್ನೆರಡು ಜನರನ್ನು ಆರಿಸಿದೆವು. ಅವರಲ್ಲಿ ಅರ್ಧ ಬೆಳಗಿನ ಪಾಳಿಯವರೇ. ಎಲ್ಲರಿಗಿಂತ ಮೊದಲು ಸೂಪರ್‌ವೈಸರ್.

ಸೂಪರ್‌ವೈಸರ್ ಎಂದರೆ ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಆ ಕೆಲಸದಿಂದ ನಿವೃತ್ತರಾದವರು. ಎಪ್ಪತ್ತೆರಡು ವಯಸ್ಸು. ಸಿಗರೇಟಿನಿಂದ ಶ್ವಾಸಕೋಶವೂ ಸೊರಗಿತ್ತು. ನಮ್ಮ ಬೆಳಗಿನ ಪಾಳಿ ಅವರ ಪಾಲಿಗೆ ಕಾರ್ಖಾನೆಯ ಶಾಪ್ ಫ್ಲೋರ್ ಇದ್ದ ಹಾಗೆ, ಎಲ್ಲರ ಮೇಲೂ ಅವರದೇ ಕಣ್ಣು. ಒಳಗೆ ಬರುವ ಮುನ್ನ ಪ್ರತಿಯೊಬ್ಬರ ತೂಕ ನೋಡುವುದು ಪದ್ಧತಿ, ಯಾಕೆಂದರೆ ಎರಡು ದಿನದಲ್ಲಿ ಏರಿದ ತೂಕವೇ ತೆಗೆಯಬೇಕಾದ ನೀರಿನ ಲೆಕ್ಕ. ಇವರು ತಮ್ಮ ಕುರ್ಚಿಯಿಂದಲೇ ಕತ್ತು ಚಾಚಿ ಎಲ್ಲರ ತೂಕವನ್ನೂ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. "ಮೂರು ಕೆಜಿ ಜಾಸ್ತಿ! ಭಾನುವಾರ ಬೀಗರೂಟ ಇತ್ತೇನಮ್ಮ?" ಎಂದು ಕಾಲೆಳೆಯುತ್ತಿದ್ದರು. ಯಾರಿಗೂ ಬೇಜಾರಾಗುತ್ತಿರಲಿಲ್ಲ. ಅವರದೇ ಎಲ್ಲರಿಗಿಂತ ಹೆಚ್ಚಿರುತ್ತಿತ್ತು.

ಲಸಿಕೆ ಬಂದ ಸುದ್ದಿ ನನಗಿಂತ ಮೊದಲೇ ಅವರಿಗೆ ಮುಟ್ಟಿತ್ತು. ಮಾರನೇ ಬೆಳಿಗ್ಗೆ ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದರು, "ನಂದು ಮೊದಲ್ನೇದು ತಾನೇ ಸಿಸ್ಟರ್?"

"ನಿಮ್ಮದೇ ಮೊದಲ್ನೇದು. ಇವತ್ತು ಡಾಕ್ಟರು ಬಂದು ಒಂದ್ಸಲ ಎಲ್ರನ್ನೂ ನೋಡ್ತಾರೆ. ಮುಂದಿನ ಸಲ ನೀವು ಬಂದ ತಕ್ಷಣ, ಹೆಪಾರಿನ್ ಕೊಡೋಕ್ ಮುಂಚೆ ಚುಚ್ತೀನಿ," ಎಂದೆ. ರಕ್ತ ಹೆಪ್ಪುಗಟ್ಟದಂತೆ ಯಂತ್ರಕ್ಕೆ ಹೆಪಾರಿನ್ ಹಾಕುತ್ತೇವೆ. ಅದು ಮೈಯಲ್ಲಿದ್ದಾಗ ಸ್ನಾಯುವಿಗೆ ಚುಚ್ಚಿದರೆ ಒಳಗೇ ರಕ್ತ ಕಟ್ಟಿಕೊಳ್ಳುತ್ತದೆ.

"ಮಾತು ಅಂದ್ರೆ ಮಾತು," ಎಂದರು.

"ಮಾತು," ಎಂದೆ.

ಅಂದೇ ಎರಡನೇ ಗಂಟೆಯಲ್ಲಿ ಹೂವಿನಕ್ಕ ನಡುಗತೊಡಗಿದರು.

ಅವರು ಸೋಲದೇವನಹಳ್ಳಿಯವರು. ಅಲ್ಲಿನ ಕಾಲೇಜೊಂದರ ಬಸ್ ಸ್ಟಾಪಿನ ಬಳಿ ಹೂ ಮಾರುತ್ತಿದ್ದರು. ಇನ್ನೂ ನಲವತ್ತು ದಾಟಿರಲಿಲ್ಲ. ವಯಸ್ಸು ಚಿಕ್ಕದೆಂದು ನಾವು ಆರಿಸಿದ ಹನ್ನೆರಡರಲ್ಲಿ ಇರಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು, ಕಂಬಳಿ ಸಮೇತ ಕುರ್ಚಿ ಅಲ್ಲಾಡುತ್ತಿತ್ತು. ಡಯಾಲಿಸಿಸ್ ನಡುವೆ ಚಳಿ ನಡುಕ ಬಂದರೆ ನಮಗೆ ಮೊದಲು ನೆನಪಾಗುವುದು ನೀರು. ಯಂತ್ರಕ್ಕೆ ಹೋಗುವ ಶುದ್ಧ ನೀರಿನಲ್ಲಿ ಕೊಳಕು ಸೇರಿದ್ದರೆ ಒಬ್ಬರಲ್ಲ, ಒಂಬತ್ತೂ ಜನ ಒಟ್ಟಿಗೆ ನಡುಗುತ್ತಾರೆ. ಅಂಥದ್ದನ್ನು ನಾನು ಕಂಡಿಲ್ಲ, ಆದರೆ ಕೇಳಿದ್ದೇನೆ. ಹೂವಿನಕ್ಕನ ಕೈ ಹಿಡಿದುಕೊಂಡೇ ಉಳಿದ ಎಂಟು ಮುಖ ನೋಡಿದೆ. ಯಾರ ತುಟಿಯಾದರೂ ಅದುರುತ್ತಿದೆಯೇ? ಟೆಕ್ನೀಷಿಯನ್ ನೀರಿನ ಕೋಣೆಗೆ ಓಡಿದರು.

ಬೇರೆ ಯಾರೂ ನಡುಗಲಿಲ್ಲ. ನೀರು ಸರಿಯಿದೆ ಎಂದು ಟೆಕ್ನೀಷಿಯನ್ ಬಂದು ಹೇಳಿದರು. ಹೂವಿನಕ್ಕನ ಮೈ ಸುಡುತ್ತಿತ್ತು. ಒಳಗೆ ಬಿಡುವಾಗ ಬಾಗಿಲಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿದರೆ ಜ್ವರ ಇರಲಿಲ್ಲ, ನಾನೇ ನೋಡಿದ್ದೆ.

"ಯಾವಾಗಿಂದ ಹೀಗೆ?" ಎಂದು ಕೇಳಿದೆ.

"ಎಲ್ಡ್ ದಿನ ಆಯ್ತು ಸಿಸ್ಟರಮ್ಮ," ಎಂದರು, ಹಲ್ಲು ಕಚ್ಚಿಕೊಂಡು. "ಬೆಳಗ್ಗೆ ಗುಳ್ಗೆ ನುಂಗ್ಕೊಂಡ್ ಬಂದೆ."

"ಯಾಕ್ ಹೇಳ್ಲಿಲ್ಲ? ಬುದ್ಧಿ ಇದೆಯಾ ನಿಮಗೆ?"

"ಏಳಿದ್ರೆ ವಾಪಸ್ ಓಗು ಅಂತೀರ. ಆ ಕೊರೋನಾ ಟೈಮ್ನಾಗೆ ಇಂಗೇ ಜ್ವರ ಅಂತ ಒಂದ್ ಕಡೆ ಒಳೀಕೇ ಬಿಡ್ಲಿಲ್ಲ. ಮೂರ್ ಆಸ್ಪತ್ರೆ ತಿರ್ಗಿದ್ವಿ. ಎದೇಗೆ ನೀರ್ ತುಂಬ್ಕೊಂಡು ಸತ್ತೇ ಓಗಿದ್ದೆ. ಜ್ವರಾನಾದ್ರೂ ತಡ್ಕೋಬೋದು ಸಿಸ್ಟರಮ್ಮ, ಆ ಉಸ್ರು ಕಟ್ಟೋದು ಮಾತ್ರ ಆಗಲ್ಲ."

ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಜ್ವರ ಇದ್ದವರನ್ನು ಗಾಜಿನ ಕೋಣೆಯಲ್ಲಿ ಕೂರಿಸಬೇಕೆಂಬುದು ನಮ್ಮ ನಿಯಮ. ಅಲ್ಲಿ ಇರುವುದು ಒಂದೇ ಯಂತ್ರ. ಅದು ಖಾಲಿ ಇಲ್ಲದಿದ್ದರೆ ದೊಡ್ಡಾಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದುಕೊಡುತ್ತಿದ್ದೆವು. ಆ ಚೀಟಿ ಹಿಡಿದು ಹೋದವರಿಗೆ ಅಲ್ಲಿ ಯಾವಾಗ ಯಂತ್ರ ಸಿಗುತ್ತಿತ್ತು ಎಂದು ನಾವು ಕೇಳಲು ಹೋಗುತ್ತಿರಲಿಲ್ಲ.

ನಾನು ಹಾಲಿನ ನಡುವೆ ನಿಂತೆ. "ಇನ್ನೂ ಯಾರ್ಯಾರು ಮಾತ್ರೆ ನುಂಗಿ ಬಂದಿದೀರಿ? ಬೈಯಲ್ಲ, ಹೇಳಿ."

ಎಲ್ಲರೂ ತಮ್ಮ ತಮ್ಮ ಯಂತ್ರದ ಪರದೆಯನ್ನು ಓದತೊಡಗಿದರು. ಆಗ ನನಗೆ ನಿಜವಾದ ಭಯ ಹುಟ್ಟಿತು. ಎಷ್ಟು ದಿನದಿಂದ ಬಾಗಿಲಲ್ಲಿ ಥರ್ಮಾಮೀಟರ್ ಹಿಡಿದು ನಿಂತಿದ್ದೆ, ಎಷ್ಟು ಧೈರ್ಯವಾಗಿ ಒಳಗೆ ಬಿಟ್ಟಿದ್ದೆ! ಕೊನೆಗೆ ಒಬ್ಬ ಹೆಂಗಸು ಕೈ ಎತ್ತಿದರು. ಅವರನ್ನು ನೋಡಿ ಕಿಟಕಿ ಬದಿಯ ಹಿರಿಯರೊಬ್ಬರು ಎತ್ತಿದರು. ಮೂಲೆಯ ಒಣಕೆಮ್ಮಿನವರದು ಮೂರನೇ ಕೈ.

ಸೂಪರ್‌ವೈಸರ್ ಕೈ ಎತ್ತಲಿಲ್ಲ. ಮಾತಾಡಿದರು. "ನಂಗೆ ಜ್ವರ ಇಲ್ಲ ಸಿಸ್ಟರ್. ಆದ್ರೆ ಇವ್ರಿಗೆಲ್ಲ ಹೇಳ್ಕೊಟ್ಟಿದ್ದು ನಾನೇ. ಬೆಳಿಗ್ಗೆ ಐದಕ್ಕೆ ಒಂದು ಸಿಕ್ಸ್ ಫಿಫ್ಟಿ ಹಾಕ್ಕೊಂಡ್ರೆ ನಿಮ್ ಮಿಷಿನ್‌ಗೆ ಗೊತ್ತಾಗಲ್ಲ ಅಂತ. ನನ್ ಹತ್ರ ಸ್ಟ್ರಿಪ್ ಇತ್ತು, ಹಂಚಿದೆ. ಯಾರ ಕುರ್ಚೀನೂ ತಪ್ಪಬಾರ್ದು ಅಂತ ಮಾಡ್ದೆ."

ಆರುನೂರೈವತ್ತು ಮಿಲಿಗ್ರಾಂನ ಸಾಮಾನ್ಯ ಜ್ವರದ ಮಾತ್ರೆ. ಪ್ರೀತಿಯಿಂದ ಹಂಚಿದ್ದು. ಬೈಯುವುದು ಬಿಟ್ಟು, ಬೇಗ ಬನ್ನಿ ಎಂದು ಡಾಕ್ಟರಿಗೆ ಫೋನ್ ಮಾಡಿದೆ.

ಡಾಕ್ಟರು ಬಂದರು. ಹೂವಿನಕ್ಕನನ್ನು ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದೆವು. ಈ ಸಲ ಚೀಟಿ ಕೊಟ್ಟು ಕೈತೊಳೆದುಕೊಳ್ಳಲಿಲ್ಲ, ಡಾಕ್ಟರೇ ಮಾತಾಡಿ ಹಾಸಿಗೆಯನ್ನೂ ಯಂತ್ರವನ್ನೂ ಗೊತ್ತು ಮಾಡಿದರು. ಜ್ವರ ಇದ್ದ ಮೂವರ ಮೂಗು ಗಂಟಲಿನ ಸ್ವಾಬ್ ತೆಗೆದೆವು. ಆಮೇಲೆ ಡಾಕ್ಟರೂ ನಾನೂ ನೀರಿನ ಕೋಣೆಯಲ್ಲಿ, ಟ್ಯಾಂಕುಗಳ ಸದ್ದಿನ ನಡುವೆ ನಿಂತು ಮಾತಾಡಿದೆವು. ರೋಗಿಗಳಿಗೆ ಕೇಳಿಸದ ಜಾಗ ಇರುವುದು ಅದೊಂದೇ.

"ಬೆಳಗಿನ ಪಾಳಿಗೆ ಈಗಾಗಲೇ ತಗುಲಿರತ್ತೆ ಸಿಸ್ಟರ್," ಎಂದರು. "ಇವತ್ತು ಲಸಿಕೆ ಹಾಕಿದ್ರೆ ಕೆಲಸ ಶುರುವಾಗೋಕೆ ಎರಡು ವಾರ. ಅದೂ ಇವರ ಮೈಯಲ್ಲಿ ಅರ್ಧಂಬರ್ಧ. ಅಷ್ಟರಲ್ಲಿ ಬರೋದು ಬಂದು ಹೋಗಿರತ್ತೆ."

"ಹಾಗಾದ್ರೆ ಇವರ ಗತಿ?"

"ಇವರಿಗೆ ವೈರಸ್ಸನ್ನೇ ತಡೆಯೋ ಫ್ಲೂ ಮಾತ್ರೆ ಕೊಡೋಣ. ಕಿಡ್ನಿಗೆ ತಕ್ಕ ಹಾಗೆ ಕಡಿಮೆ ಡೋಸ್, ಡಯಾಲಿಸಿಸ್ ಮುಗಿದ ಮೇಲೆ. ಲಸಿಕೆ ಇನ್ನೂ ತಗುಲದ ಪಾಳಿಗಳಿಗೆ ಹೋಗ್ಲಿ." ನನ್ನ ಮುಖ ನೋಡಿದರು. "ಈ ಪಾಳಿಯಿಂದ ಆ ಪಾಳಿಗೆ ದಾಟೋರು ಯಾರು ಸಿಸ್ಟರ್?"

ಉತ್ತರ ನನ್ನ ಮೈಮೇಲೇ ಇತ್ತು. ಬೆಳಿಗ್ಗೆ ಹೂವಿನಕ್ಕನ ಮುಖಕ್ಕೆ ಮುಖ ಕೊಟ್ಟು ಸೂಜಿ ಹಾಕಿದವಳು ನಾನು. ಮಧ್ಯಾಹ್ನದ ಪಾಳಿಯ ಒಂಬತ್ತು ಜನರ ಮೇಲೆ ಬಗ್ಗುವವಳೂ ನಾನೇ. ಟೆಕ್ನೀಷಿಯನ್ನೂ ಅಷ್ಟೇ, ಉಳಿದ ಮೂವರು ಸಿಸ್ಟರುಗಳೂ ಅಷ್ಟೇ. ಪಾಳಿ ಬದಲಾಗುತ್ತದೆ, ನಾವು ಬದಲಾಗುವುದಿಲ್ಲ. ಹಿಂದಿನ ದಿನ ಅಷ್ಟು ಚೆನ್ನಾಗಿ ಕೇಳಿಸಿದ ಮಾತು ಈಗ ಹೆದರಿಕೆ ಹುಟ್ಟಿಸಿತು. ನಾವು ಕೊನೆಗೆ ಎಂದು ದೊಡ್ಡವರಾಗಿಬಿಟ್ಟಿದ್ದರೆ ನಾವೇ ಜ್ವರವನ್ನು ಒಬ್ಬೊಬ್ಬರ ಬಳಿಗೂ ಹೊತ್ತುಕೊಂಡು ಹೋಗಿ ಹಂಚುತ್ತಿದ್ದೆವು. ಈಗ ಹಾಕಿಸಿಕೊಂಡರೂ ನಮಗೂ ಎರಡು ವಾರ ಬೇಕು, ಅಲ್ಲಿಯವರೆಗೆ ಮಾಸ್ಕೇ ಗತಿ. ಆದರೆ ಮಳೆಗಾಲ ಮುಗಿಯಲು ಇನ್ನೂ ಎರಡು ತಿಂಗಳಿತ್ತು.

"ಐದು ನಮಗೆ. ಏಳು ಮಧ್ಯಾಹ್ನ, ಸಂಜೆ ಪಾಳಿಯ ತೀರಾ ಸೊರಗಿದವರಿಗೆ," ಎಂದೆ. "ಬೆಳಗಿನ ಪಾಳಿಗೆ ಒಂದೂ ಇಲ್ಲ."

"ಅವರಿಗೆ ನಾನು ಹೇಳ್ಲಾ?"

"ಬೇಡ ಸಾರ್. ಮಾತು ಕೊಟ್ಟಿರೋದು ನಾನು."

ಮುಚ್ಚಿಟ್ಟು ಹಾಕಿಸಿಕೊಳ್ಳಲು ಮನಸ್ಸು ಬರಲಿಲ್ಲ. ಬೆಳಗಿನ ಪಾಳಿ ಏಳುವ ಮೊದಲೇ ಹಾಲಿನಲ್ಲಿ ನಿಂತು ಎಲ್ಲವನ್ನೂ ಬಿಡಿಸಿ ಹೇಳಿದೆ. ನಿಮಗೆ ಯಾಕೆ ಇಲ್ಲ, ನಮಗೆ ಯಾಕೆ ಇದೆ, ನಿಮಗೆ ಬದಲಾಗಿ ಏನು ಕೊಡುತ್ತೇವೆ. ಹೇಳಿ ಮುಗಿಸಿ ಅಂಗಿಯ ತೋಳು ಮೇಲಕ್ಕೆ ಮಡಿಚಿ ಕುರ್ಚಿಯಲ್ಲಿ ಕೂತೆ. ಟೆಕ್ನೀಷಿಯನ್ ಮುಖ ಕೆಳಗೆ ಹಾಕಿಕೊಂಡು ನಿಂತಿದ್ದರು, ನನ್ನ ನಂತರ ಅವರ ಸರದಿ. ಮೊದಲ ಸಿರಿಂಜು ನನ್ನ ತೋಳಿಗೆ ಇಳಿಯುವುದನ್ನು ಎಂಟು ಜನ ನೋಡಿದರು. ನಾಚಿಕೆಯಿಂದ ಮೈ ಹಿಡಿಯಾಗಿತ್ತು. ಸೂಜಿ ಚುಚ್ಚಿದ್ದೇ ತಿಳಿಯಲಿಲ್ಲ.

"ಮಾತು ಕೊಟ್ಟಿದ್ರಿ," ಎಂದರು ಸೂಪರ್‌ವೈಸರ್.

"ಕೊಟ್ಟಿದ್ದೆ."

"ಮಾತ್ರೆ ಹಂಚಿದ್ದಕ್ಕೆ ಶಿಕ್ಷೆನಾ ಇದು?"

"ಅಲ್ಲ. ಅಮ್ಮನಾಣೆಗೂ ಅಲ್ಲ."

ಅವರು ನಂಬಲಿಲ್ಲ. ಉಳಿದವರೂ ನಂಬಿದ ಹಾಗೆ ಕಾಣಲಿಲ್ಲ. ಹೋಗುವ ಮುನ್ನ ಕಡೆಯ ತೂಕ ನೋಡುವಾಗ ಯಾರ ತೂಕವನ್ನೂ ಯಾರೂ ಗಟ್ಟಿಯಾಗಿ ಓದಲಿಲ್ಲ.

ಅಂದಿನಿಂದ ಬಾಗಿಲ ಪದ್ಧತಿ ಬದಲಾಯಿಸಿದೆವು. ಥರ್ಮಾಮೀಟರ್ ಹಿಡಿಯುವ ಮೊದಲು ಒಂದು ಪ್ರಶ್ನೆ: ಬೆಳಿಗ್ಗೆಯಿಂದ ಜ್ವರದ ಮಾತ್ರೆ ಏನಾದರೂ ತೆಗೆದುಕೊಂಡಿರಾ? ಹೌದು ಎಂದವರನ್ನು ವಾಪಸ್ ಕಳಿಸುವಂತಿಲ್ಲ. ಗಾಜಿನ ಕೋಣೆ ತುಂಬಿದ್ದರೆ ಕಿಟಕಿ ಬದಿಯ ಎರಡು ಕುರ್ಚಿಗಳನ್ನು ದೂರ ಸರಿಸಿ, ಪರದೆ ಎಳೆದು, ಕಿಟಕಿ ತೆಗೆದು ಅವರನ್ನು ಅಲ್ಲಿ ಕೂರಿಸುವುದು. ಅವರಿಗೆ ಒಬ್ಬರೇ ಸಿಸ್ಟರ್, ಆ ಸಿಸ್ಟರ್ ಬೇರೆ ಯಾರನ್ನೂ ಮುಟ್ಟುವಂತಿಲ್ಲ. ಕಾಗದದ ಮೇಲೆ ಎಲ್ಲವೂ ಸರಿಯಿತ್ತು. ಆದರೆ ಆ ಪ್ರಶ್ನೆಗೆ ಎಲ್ಲರೂ "ಇಲ್ಲ ಸಿಸ್ಟರ್" ಎನ್ನುತ್ತಿದ್ದರು. ನನ್ನ ಕಣ್ಣನ್ನು ನೋಡದೆ ಹೇಳುತ್ತಿದ್ದರು. ಅದು ನಿಜವೋ, ಸಿಕ್ಸ್ ಫಿಫ್ಟಿಯೋ ಎಂದು ತಿಳಿಯುವ ಯಂತ್ರ ನಮ್ಮಲ್ಲಿರಲಿಲ್ಲ.

ಸ್ವಾಬ್ ವರದಿ ಬಂತು. ಮೂವರಿಗೂ ಎಚ್1ಎನ್1 ಫ್ಲೂ. ಹೂವಿನಕ್ಕನಿಗೂ ಅದೇ. ಆ ಮೂವರಲ್ಲಿ ಇಬ್ಬರು ಫ್ಲೂ ಮಾತ್ರೆಯಲ್ಲೇ ಚೇತರಿಸಿಕೊಂಡರು, ಇನ್ನೊಬ್ಬರು ಆಮ್ಲಜನಕದವರೆಗೆ ಹೋಗಿ ವಾಪಸ್ ಬಂದರು. ಹೂವಿನಕ್ಕ ವೆಂಟಿಲೇಟರಿಗೆ ಹೋದರು. ಅವರ ಗಂಡ ದಿನಾ ಸಂಜೆ ಫೋನ್ ಮಾಡಿ "ಅಂಗೇ ಅವ್ಳೆ ಸಿಸ್ಟರಮ್ಮ" ಎನ್ನುತ್ತಿದ್ದರು. ಒಂದು ದಿನ ಬೆಳಿಗ್ಗೆಯೇ ಫೋನ್ ಬಂತು. ಎತ್ತುವ ಮೊದಲೇ ನನಗೆ ಗೊತ್ತಾಯಿತು. ನೀರಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಆರಿಸುವಾಗ ವಯಸ್ಸು ಚಿಕ್ಕದೆಂದು ಅವರನ್ನು ಬಿಟ್ಟಿದ್ದೆವು. ಸೇರಿಸಿದ್ದರೂ ಆಗುತ್ತಿದ್ದುದು ಏನೂ ಇರಲಿಲ್ಲ ಎಂದು ಡಾಕ್ಟರು ಎಷ್ಟು ಸಲ ಹೇಳಿದರೂ ಆ ಕುರ್ಚಿಯನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಆಮೇಲಿನ ವಾರ, ಸಣ್ಣಗೆ ಜಿನುಗುತ್ತಿದ್ದ ಒಂದು ಬೆಳಿಗ್ಗೆ, ಬಾಗಿಲಲ್ಲಿ ಸೂಪರ್‌ವೈಸರ್ ನಿಂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ, ಹಿಂದೆ ಮೆಟ್ಟಿಲುದ್ದಕ್ಕೂ ಬೆಳಗಿನ ಪಾಳಿ. ನನ್ನೊಡನೆ ಅವರು ಮಾತು ಬಿಟ್ಟು ದಿನಗಳಾಗಿದ್ದವು. ಕೈ ಚಾಚಿದರೆ ಸೂಜಿ ಹಾಕುವುದು, ಮುಗಿದರೆ ತೆಗೆಯುವುದು, ಅಷ್ಟೇ ನಡೆದಿತ್ತು.

"ಬೆಳಿಗ್ಗೆಯಿಂದ ಜ್ವರದ ಮಾತ್ರೆ ಏನಾದ್ರೂ ತಗೊಂಡ್ರಾ?" ಎಂದು ಕೇಳಿದೆ.

ಅವರು ಹೆಂಡತಿಯ ಕಡೆ ನೋಡಿದರು. ಹಣೆಗೆ ಥರ್ಮಾಮೀಟರ್ ಹಿಡಿದೆ. ಜ್ವರ ಇಲ್ಲ ಎಂದಿತು. ಒಳಗೆ ಬನ್ನಿ ಎಂಬಂತೆ ಪಕ್ಕಕ್ಕೆ ಸರಿದೆ. ಅವರು ಹೆಜ್ಜೆ ಎತ್ತಲಿಲ್ಲ. ಹೆಂಡತಿ ಅವರ ತೋಳು ಹಿಡಿದು ಮೆಲ್ಲಗೆ, "ನಡೀರಿ ಅಂದ್ರೆ, ಬಿಟ್ರಲ್ಲ," ಎಂದರು. ಸೂಪರ್‌ವೈಸರ್ ಕಣ್ಣಲ್ಲಿ ನಾನು ಎಂದೂ ನೋಡಿರದ ಹೆದರಿಕೆ ಇತ್ತು. ಕಾರ್ಖಾನೆಯ ಸದ್ದಿನ ಮೇಲೆ ಕೂಗಿ ಅಭ್ಯಾಸವಾದ ಮನುಷ್ಯ, ಒಂದು ಮಾತಿಗೆ ಉಸಿರು ಕೂಡಿಸಿಕೊಳ್ಳುತ್ತಿದ್ದರು.

"ಐದು ಗಂಟೇಲಿ ಒಂದು ಸಿಕ್ಸ್ ಫಿಫ್ಟಿ," ಎಂದರು. ಆಮೇಲೆ ಮೆಟ್ಟಿಲ ಕಡೆ ಅರ್ಧ ತಿರುಗಿ, ತೂಕ ಓದುವ ಅದೇ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಮತ್ತೊಮ್ಮೆ ಹೇಳಿದರು. "ಸಿಕ್ಸ್ ಫಿಫ್ಟಿ ತಗೊಂಡಿದೀನಿ ಸಿಸ್ಟರ್. ನಿನ್ನೆಯಿಂದ ಜ್ವರ, ಕೆಮ್ಮು. ಈಗ ಹೇಳಿ. ವಾಪಸ್ ಹೋಗ್ಲಾ?"

ಮೆಟ್ಟಿಲ ಮೇಲೆ ಯಾರೂ ಅಲ್ಲಾಡಲಿಲ್ಲ. ನನ್ನ ಹೆದರಿಕೆ ಎಲ್ಲಿತ್ತೆಂದರೆ, ಆ ದಿನ ಗಾಜಿನ ಕೋಣೆಯ ಯಂತ್ರದ ಪೈಪು ಬದಲಿಸಲು ಬಿಚ್ಚಿಟ್ಟಿದ್ದೆವು. ಕಿಟಕಿ ಬದಿಯ ಕುರ್ಚಿಗಳಲ್ಲಿ ಒಂದಕ್ಕೆ ಮಾತ್ರ ಯಂತ್ರ ಸಿದ್ಧವಿತ್ತು. ಆ ಒಂದಾದರೂ ಇತ್ತಲ್ಲ ಎಂದು ಮನಸ್ಸಿನಲ್ಲೇ ಕೈ ಮುಗಿದೆ.

"ಒಳಗೆ ಬನ್ನಿ. ಕಿಟಕಿ ಪಕ್ಕದ ಕುರ್ಚಿ ನಿಮ್ಮದು," ಎಂದೆ. ಟೆಕ್ನೀಷಿಯನ್ ಕಡೆ ತಿರುಗಿ, "ಪಕ್ಕದ ಕುರ್ಚಿಗೂ ಒಂದು ಮಿಷಿನ್ ಪರದೆ ಒಳಗೆ ತಳ್ಳಿ, ಬೇಗ," ಎಂದೆ.

ಅವರು ಒಳಗೆ ನಡೆದರು. ಸಾಲಿನಲ್ಲಿ ಎರಡನೆಯವರಾಗಿ ನಿಂತಿದ್ದ ಹೆಂಗಸು ಪರದೆ ಎಳೆಯುವುದನ್ನೂ, ಅದರ ಸಂದಿಯಲ್ಲಿ ಒಬ್ಬ ಸಿಸ್ಟರ್ ಅವರ ಕೈಗೆ ಸೂಜಿ ಹಾಕುವುದನ್ನೂ, ಕೊಳವೆಯಲ್ಲಿ ರಕ್ತ ಕೆಂಪಗೆ ಹರಿಯುವುದನ್ನೂ ಬಾಗಿಲಿನಿಂದಲೇ ಕತ್ತು ಚಾಚಿ ನೋಡಿದರು. ಯಂತ್ರ ತಿರುಗತೊಡಗಿದ ಮೇಲೆ, ಅವರನ್ನು ಆ ಸಿಸ್ಟರಿಗೇ ಬಿಟ್ಟು, ನಾನು ಕೈ ತೊಳೆದು ಬಾಗಿಲಿಗೆ ಬಂದೆ. ಪ್ರಶ್ನೆ ಕೇಳುವ ಮೊದಲೇ ಆಕೆ ಹೇಳಿದರು.

"ನಾನೂ ನುಂಗಿದೀನಿ ಸಿಸ್ಟರ್. ಗಂಟಲು ನೋವು."

ಅವತ್ತು ಇಡೀ ಪಾಳಿ ತಡವಾಯಿತು. ಮಧ್ಯಾಹ್ನದವರು ಹೊರಗೆ ಕಾದು ಗೊಣಗಿದರು. ಆ ಮಳೆಗಾಲದಲ್ಲಿ ನಾನು ನಿರಾಳವಾಗಿ ಉಸಿರಾಡಿದ್ದು ಅದೇ ಮೊದಲು.

ಸೂಪರ್‌ವೈಸರ್ ಸುಲಭವಾಗಿ ಪಾರಾಗಲಿಲ್ಲ. ಅವರ ಎದೆಯ ಸದ್ದು ಕೇಳಿಸಿಕೊಂಡು ಡಾಕ್ಟರು ಕಾಫಿಯನ್ನೇ ಮುಟ್ಟದೆ ಎದ್ದ ದಿನವೂ ಇತ್ತು. ಆಸ್ಪತ್ರೆ ಸೇರಿದರು, ಆಮ್ಲಜನಕ ಹಾಕಿದರು. ಫೋನ್ ಬಂದಾಗೆಲ್ಲ ಯಾರ ನಂಬರ್ ಎಂದು ಮೊದಲು ನೋಡುತ್ತಿದ್ದೆ. ನಾನು ಮಾತು ತಪ್ಪಿದವರ ಸಾವನ್ನು ಹೊರಲು ನನಗೆ ಶಕ್ತಿಯಿರಲಿಲ್ಲ. ಕೊನೆಗೂ ಅವರು ಹೆಂಡತಿಯ ಹೆಗಲು ಹಿಡಿದು ಮೆಟ್ಟಿಲು ಹತ್ತಿ ಬಂದಾಗ ತೂಕದ ಯಂತ್ರದ ಮೇಲೆ ನಿಂತು, "ಆರು ಕೆಜಿ ಕಮ್ಮಿ! ಸ್ಲಿಮ್ ಆಗ್ಬಿಟ್ಟಿದೀನಿ," ಎಂದು ಕೂಗಿದರು. ಕೂಗಿ ಕೆಮ್ಮಿದರು. ಆ ಕೆಮ್ಮಿಗೆ ಮಾತ್ರ ನಾನು ಹೆದರಲಿಲ್ಲ. ಮಧ್ಯಾಹ್ನ, ಸಂಜೆ ಪಾಳಿಗೆ ಜ್ವರ ದಾಟಿರಲಿಲ್ಲ.

ಹೊಸ ಸ್ಟಾಕು ಬಂದದ್ದು ಮಳೆ ಹಿಂದೆ ಸರಿಯುವ ಹೊತ್ತಿಗೆ. ಈ ಸಲ ಎಲ್ಲರಿಗೂ ಸಾಕಾಗುವಷ್ಟಿತ್ತು. ಬೆಳಗಿನ ಪಾಳಿಯಿಂದಲೇ ಶುರು ಮಾಡಿದೆ. ಸೂಪರ್‌ವೈಸರ್ ಬಲಗೈಯ ಅಂಗಿ ತೋಳು ಮೇಲಕ್ಕೆ ಮಡಿಚಿದರು. ಎಡಗೈ ಡಯಾಲಿಸಿಸ್ ಸೂಜಿಗೆಂದೇ ಮೀಸಲು, ಅದಕ್ಕೆ ಬೇರೆ ಯಾವ ಚುಚ್ಚುಮದ್ದೂ ಇಲ್ಲ.

"ಹೂವಿನಕ್ಕಂದು ಯಾರಿಗೆ ಹಾಕ್ತೀರ?" ಎಂದು ಕೇಳಿದರು.

ನಾನು ಸಿರಿಂಜು ಹಿಡಿದೇ ತಿರುಗಿ ನೋಡಿದೆ. ಹೂವಿನಕ್ಕನ ಕುರ್ಚಿಯಲ್ಲಿ ಅಂದೇ ಮೊದಲ ಸಲ ಬಂದಿದ್ದ ಹೊಸಬರೊಬ್ಬರು ಕೂತಿದ್ದರು. ಮಧ್ಯವಯಸ್ಸಿನ ಮನುಷ್ಯ, ಎರಡೂ ಕೈಯಲ್ಲಿ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದರು. ಬಾಗಿಲಲ್ಲಿ ಪ್ರಶ್ನೆ ಕೇಳಿದಾಗ ನೆಲ ನೋಡಿ "ಇಲ್ಲ" ಎಂದಿದ್ದರು.

"ಆ ಕುರ್ಚೀಲಿ ಕೂತವರಿಗೆ," ಎಂದೆ.

ಸೂಪರ್‌ವೈಸರ್ ಕತ್ತು ಚಾಚಿ ಹೊಸಬರನ್ನು ನೋಡಿದರು.

"ಏನಪ್ಪ, ಬೆಳಿಗ್ಗೆ ಜ್ವರದ್ ಮಾತ್ರೆ ಏನಾದ್ರೂ ನುಂಗ್ಕೊಂಡ್ ಬಂದಿದೀಯಾ? ಇದ್ರೆ ನಿಜ ಹೇಳ್ಬಿಡು. ಇಲ್ಲಿ ನಿಜ ಹೇಳಿದ್ರೆ ವಾಪಸ್ ಕಳ್ಸಲ್ಲ ಕಣಯ್ಯ. ನಾನೇ ಹೇಳಿ ನೋಡಿದೀನಿ."

ಆ ಮನುಷ್ಯ ಅವರ ಮುಖ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಕುರ್ಚಿಯ ಹಿಡಿ ಬಿಟ್ಟು ಬಾಯಿ ತೆರೆದರು.